ಬಾನೆಟ್ಟಿನ ಕೆಳಗಿನ ಹೆಸರು

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ, ಮನೆಗಳು ಮುಗಿದು ಹೊಗೆಸೊಪ್ಪಿನ ಹೊಲ ಶುರುವಾಗುವ ಕಡೆ, ಕನಕರಾಜುವಿನ ಪೇಂಟಿಂಗ್ ಶೆಡ್ಡಿದೆ. ತಗಡಿನ ಸೂರು, ಮುಂದೆ ಒಂದು ಹೊಂಗೆ ಮರ, ಮರದ ನೆರಳಿನಲ್ಲಿ ಯಾವಾಗ ನೋಡಿದರೂ ಬಾಗಿಲು ಕಳಚಿಟ್ಟ ಒಂದೆರಡು ಕಾರು. ಅಲ್ಲಿ ತಗ್ಗು ಬಡಿದು ಎತ್ತುವವರು, ಉಜ್ಜುವವರು, ಬಣ್ಣ ಹೊಡೆಯುವವರು ಎಲ್ಲರೂ ಗಂಡಸರು. ಅವರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಒಂದು ಎಣ್ಣೆ ಬಟ್ಟಲು ಇಟ್ಟುಕೊಂಡು ಕೂತಿರುವ ಹೆಂಗಸು ಚಿಕ್ಕಸಿದ್ದಮ್ಮ. ಅವಳ ಕೆಲಸ ಅಂಟು ಬಿಡಿಸುವುದು.

ಅಂಟು ಬಿಡಿಸಲಿಕ್ಕೂ ಒಬ್ಬಾಕೆ ಬೇಕೇ ಎಂದು ಹೊಸದಾಗಿ ಬಂದ ಗಿರಾಕಿಗಳು ಕೇಳುವುದುಂಟು. ಬೇಕು. ನಮ್ಮ ಕಡೆ ಕಾರಾಗಲಿ, ಜೀಪಾಗಲಿ, ಸಾಮಾನು ಸಾಗಿಸುವ ಟೆಂಪೋ ಆಗಲಿ, ದೇವರಿಲ್ಲದ ಗಾಡಿ ಇಲ್ಲ. ಆಯುಧಪೂಜೆ ಬಂತೆಂದರೆ ಹೊಸ ಸ್ಟಿಕ್ಕರು ಬರುತ್ತದೆ. ಹಳೆಯದನ್ನು ಏನು ಮಾಡುವುದು? ಸಿನಿಮಾದವರ ಚಿತ್ರವಾದರೆ, ಅಂಗಡಿಯ ಹೆಸರಾದರೆ, ಬ್ಲೇಡಿನಿಂದ ಕೆರೆದು ತಿನ್ನರಿನಲ್ಲಿ ಒರೆಸಿ ಎಸೆಯಬಹುದು. ದೇವರ ಮುಖಕ್ಕೆ ಬ್ಲೇಡು ಹಾಕುವ ಧೈರ್ಯ ಯಾರಿಗಿದೆ? ಹಾಗಾಗಿ ಡ್ರೈವರುಗಳು ಹಳೆಯ ದೇವರ ಮೇಲೆಯೇ ಹೊಸ ದೇವರನ್ನು ಅಂಟಿಸಿ ಕೈಮುಗಿದು ಸುಮ್ಮನಾಗುತ್ತಾರೆ. ಗಾಡಿಗೆ ಬಣ್ಣ ಹೊಡೆಸುವ ದಿನ ಬಂದಾಗ ಆ ದೇವರುಗಳೆಲ್ಲ ಸೇರಿ ಪೇಂಟರಿನ ತಲೆಯ ಮೇಲೆ ಕೂರುತ್ತಾರೆ. ಕನಕರಾಜು ಒಮ್ಮೆ ಧೈರ್ಯ ಮಾಡಿ ಹುಲಿಯೇರಿದ ಮಾದಪ್ಪನ ಸ್ಟಿಕ್ಕರಿಗೆ ಬ್ಲೇಡು ಇಟ್ಟನಂತೆ. ಹುಲಿಯ ಕಿವಿ ಕತ್ತರಿಸಿಹೋಯಿತು. ಅದೇ ವಾರ ಬೈಕಿನಿಂದ ಬಿದ್ದು ಅವನ ಬಲಗೈ ಮುರಿಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ಆದರೆ ಬ್ಲೇಡನ್ನು ಮತ್ತೆ ಮುಟ್ಟಲಿಲ್ಲ.

ಚಿಕ್ಕಸಿದ್ದಮ್ಮ ಆಗ ಆ ಶೆಡ್ಡಿಗೆ ಕಸ ಗುಡಿಸಲು ಬರುತ್ತಿದ್ದಳು. ಊರು ಗಾವಡಗೆರೆ. ಗಂಡ ತೀರಿಕೊಂಡಿದ್ದ, ಮಗಳನ್ನು ಸರಗೂರಿಗೆ ಕೊಟ್ಟಾಗಿತ್ತು, ಮನೆಯಲ್ಲಿ ಅವಳೂ ನಾದಿನಿ ವಾಣಿಶ್ರೀಯೂ ಇಬ್ಬರೇ. ಮದುವೆಯಾಗಿ ಬಂದಾಗಿನಿಂದ ಹೊಗೆಸೊಪ್ಪಿನ ಹೊಲದಲ್ಲಿ ದುಡಿದವಳು. ಎಲೆ ಮುರಿದು ಮುರಿದು ಸಂಜೆಯ ಹೊತ್ತಿಗೆ ಕೈಯೆಲ್ಲ ಕಪ್ಪು ಮೇಣ ಮೆತ್ತಿದ ಹಾಗೆ ಆಗುತ್ತಿತ್ತು. ನೀರಿಗೆ ಕೈ ಹಾಕಿದರೆ ಆ ಅಂಟು ಇನ್ನೂ ಬಿಗಿಯಾಗಿ ಕೂರುತ್ತದೆ. ಮೊದಲು ಎಣ್ಣೆ, ಆಮೇಲೆ ಸೀಗೆಪುಡಿ, ನೀರು ಕೊನೆಗೆ. ಹಲಸಿನ ಹಣ್ಣು ಬಿಡಿಸಿದವರಿಗೂ ಇದು ಗೊತ್ತು. ಒಂದು ದಿನ ಗಂಡಸರೆಲ್ಲ ಜೀಪಿನ ಗಾಜಿನ ಮೇಲಿದ್ದ ಚಾಮುಂಡಿಯ ಸುತ್ತ ನಿಂತು ನೀನು ತೆಗಿ, ನೀನು ತೆಗಿ ಎಂದು ಒಬ್ಬರನ್ನೊಬ್ಬರು ತಳ್ಳುತ್ತಿದ್ದಾಗ ಅವಳು ಪೊರಕೆ ಗೋಡೆಗೆ ಒರಗಿಸಿ, ಕೊಬ್ಬರಿ ಎಣ್ಣೆ ತರಿಸಿದಳು. ಅಮ್ಮನವರಿಗೆ ಕೈಮುಗಿದು, ಅಂಚಿಗೆ ಎಣ್ಣೆ ಸವರಿ, ಗಾಡಿಯನ್ನು ಬಿಸಿಲಿಗೆ ತಳ್ಳಿಸಿ, ಹೋಗಿ ತನ್ನ ಊಟ ಮುಗಿಸಿ ಬಂದಳು. ಅಂಚು ತಾನಾಗಿ ಸುರುಳಿ ಎದ್ದಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿಕೊಂಡು ಹೋದಳು. ದೇವಿ ಮೂಗಿನ ನತ್ತೂ ಅಲುಗದ ಹಾಗೆ ಇಡಿಯಾಗಿ ಎದ್ದು ಬಂದಳು. ಅದನ್ನು ಒಂದು ಬಾಳೆಲೆಯ ಮೇಲಿಟ್ಟು, ಹೋಗುವಾಗ ಅರಳೀಕಟ್ಟೆಗೆ ಸೇರಿಸಿದಳು. ಮನೆಯ ಹಳೆಯ ದೇವರ ಪಟಗಳನ್ನು ಎಲ್ಲರೂ ಇಡುವುದು ಅಲ್ಲಿಯೇ ತಾನೆ.

ಮೊದಮೊದಲು ತಪ್ಪೂ ಆಯಿತು. ಎಣ್ಣೆಯ ಪಸೆ ಉಳಿದ ಕಡೆ ಬಣ್ಣ ಹೊಡೆದರೆ ಅದು ನಿಲ್ಲದೆ ಸಿಡುಬಿನ ಗುಳಿಗಳ ಹಾಗೆ ತೂತು ತೂತಾಗಿ ಒಡೆಯಿತು. ಗಿರಾಕಿ ಕೂಗಾಡಿ ಹೋದ. ಆವತ್ತಿನಿಂದ ಸೀಗೆಪುಡಿ ಹಾಕಿ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿ, ಮೂಗನ್ನು ಹತ್ತಿರ ಹಿಡಿದು ಪಸೆಯ ವಾಸನೆ ಇಲ್ಲವೆಂದು ನೋಡಿಕೊಂಡೇ ಅವಳು ಕನಕರಾಜುವನ್ನು ಕರೆಯುವುದು. ಅವನು ಆಮೇಲೆ ಒಂದು ಸಲ ತಿನ್ನರಿನಲ್ಲಿ ಒರೆಸಿ ಬಣ್ಣಕ್ಕೆ ಕೈ ಹಾಕುತ್ತಾನೆ.

ಇಷ್ಟು ಅವಳ ಕೆಲಸದ ಮಾತಾಯಿತು. ಇನ್ನು ಅವಳ ಗಂಡನ ಮಾತು. ಅದನ್ನು ಹೇಳದೆ ಇವಳ ವಿಷಯ ಹೇಳಿದ ಹಾಗೆ ಆಗುವುದಿಲ್ಲ.

ದೇವರಾಜು ಪಿರಿಯಾಪಟ್ಟಣದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಷಣ್ಮುಖಪ್ಪನವರ ಕಾರು ಓಡಿಸುತ್ತಿದ್ದ. ಕೆನೆ ಬಣ್ಣದ ಅಂಬಾಸಿಡರು. ತಿಂಗಳಿಗೆ ನಾಲ್ಕಾರು ಸಲ ಮನೆಗೆ ಬಂದರೆ ಹೆಚ್ಚು. ಬಂದಾಗ ಮಾತ್ರ ಹಟ್ಟಿಯಲ್ಲೆಲ್ಲ ಅವನದೇ ಸದ್ದು. ಅವನಂಥ ಸುಳ್ಳುಗಾರ ಆ ಸೀಮೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಯಾರಿಗೂ ಕೇಡು ಮಾಡದ ಸುಳ್ಳು, ಬರಿಯ ಬಾಯಿರುಚಿಯ ಸುಳ್ಳು. ನಾಗರಹೊಳೆ ದಾರಿಯಲ್ಲಿ ಆನೆ ಅಡ್ಡ ನಿಂತಿತಂತೆ, ಇವನು ಹಾರನ್ ಹೊಡೆಯದೆ ಕೆಳಗಿಳಿದು ಕೈಮುಗಿದನಂತೆ, ಅದು ಪಕ್ಕಕ್ಕೆ ಸರಿದು ಸೊಂಡಿಲಿನಿಂದ ಹೋಗು ಎಂದು ದಾರಿ ತೋರಿಸಿತಂತೆ. ಬೈಲಕುಪ್ಪೆಯಲ್ಲಿ ಒಬ್ಬ ಮುದಿ ಲಾಮಾ ಇವನ ತಲೆ ಮುಟ್ಟಿ ನೋಡಿ, ಹಿಂದಿನ ಜನ್ಮದಲ್ಲೂ ನೀನು ಡ್ರೈವರೇ, ಟಿಬೆಟ್ಟಿನಲ್ಲಿ ಕುದುರೆಗಾಡಿ ಹೊಡೆಯುತ್ತಿದ್ದೆ ಎಂದನಂತೆ. ಲಾಮಾ ಯಾವ ಭಾಷೆಯಲ್ಲಿ ಹೇಳಿದ ಎಂದು ವಾಣಿಶ್ರೀ ಕೇಳಿದರೆ, ಕನ್ನಡದಲ್ಲೇ, ನಿನಗಿಂತ ಚೆನ್ನಾಗಿ, ಎನ್ನುತ್ತಿದ್ದ. ತಂಗಿ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಹೆಂಡತಿ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆ ನಗುವನ್ನು ನೋಡುವುದಕ್ಕೇ ಅವನು ದಾರಿಯುದ್ದಕ್ಕೂ ಕತೆ ಕಟ್ಟಿಕೊಂಡು ಬರುತ್ತಿದ್ದನೋ ಏನೋ.

ಆ ಕಾರಿನಲ್ಲಿ ಚಿಕ್ಕಸಿದ್ದಮ್ಮ ಒಂದು ದಿನವೂ ಕೂತವಳಲ್ಲ. ಯಜಮಾನರ ಕಾರು, ಕೂರುವ ಮಾತೆಲ್ಲಿ ಬಂತು? ಹೊಲದಲ್ಲಿ ಎಲೆ ಮುರಿಯುವಾಗ ರಸ್ತೆಯಲ್ಲಿ ಹೋಗುವುದನ್ನು ನೋಡುತ್ತಿದ್ದಳು. ಹಿಂದಿನ ಸೀಟಿನಲ್ಲಿ ಯಜಮಾನರಿದ್ದರೆ ಅವನು ನಿಲ್ಲಿಸುವ ಹಾಗಿರಲಿಲ್ಲ, ಕತ್ತು ತಿರುಗಿಸುವ ಹಾಗೂ ಇರಲಿಲ್ಲ. ರಸ್ತೆ ಖಾಲಿ ಇದ್ದರೂ ಎರಡು ಸಲ ಹಾರನ್ ಒತ್ತುತ್ತಿದ್ದ. ಹೆಂಗಸರೆಲ್ಲ ಇವಳ ಮುಖ ನೋಡುತ್ತಿದ್ದರು.

ಆ ಹೆಂಗಸರಲ್ಲೇ ಒಬ್ಬಳ ಗಂಡ ಟೆಂಪೋ ಇಟ್ಟಿದ್ದ. ಅದರ ನೆತ್ತಿಯ ಮೇಲೆ ಹೆಂಡತಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದ. ಅವಳು ಅದನ್ನು ದಿನಕ್ಕೊಂದು ಸಲವಾದರೂ ಹೇಳದೆ ಬಿಡುತ್ತಿರಲಿಲ್ಲ. ಚಿಕ್ಕಸಿದ್ದಮ್ಮ ಗಂಡನ ಮುಂದೆ ಆಸೆಪಟ್ಟು ಹೇಳಿದ್ದಲ್ಲ. ಸುಮ್ಮನೆ, ಊಟಕ್ಕೆ ಬಡಿಸುತ್ತಾ, ಹಾಗಂತೆ ಕಣ್ರೀ ಅಂದಳು. ಅವನು ಮುದ್ದೆ ಮುರಿಯುತ್ತಾ ತಲೆ ಎತ್ತದೆ ಅಂದ:

"ನಿನ್ನೆಸ್ರೂ ಬರ್ಸಿವ್ನಿ ಕಣಮ್ಮಿ."

"ಎಲ್ಲಿ? ನಾನು ಕಂಡಿಲ್ವಾ ಕಾರ್ನ?"

"ಬಾನೆಟ್ಟಿನ್ ಕೆಳ್ಗೆ. ಮಾದಪ್ಪನ ಕೆಳ್ಗೆ."

ಷಣ್ಮುಖಪ್ಪನವರು ಕಾರಿನ ಮೈಮೇಲೆ ಏನನ್ನೂ ಅಂಟಿಸಗೊಡುತ್ತಿರಲಿಲ್ಲ. ಮನೆತುಂಬ ಶಿವಪೂಜೆ ಮಾಡುವವರು, ಕಾರಿಗೆ ಮಾತ್ರ ಒಂದು ಬೊಟ್ಟು ವಿಭೂತಿ ಬಿದ್ದರೂ ಬಣ್ಣ ಕೆಟ್ಟೀತೆಂದು ಒರೆಸುತ್ತಿದ್ದರು. ಪೂಜೆ ಮಾಡುವುದಾದರೆ ಬಾನೆಟ್ಟು ಎತ್ತಿ ಒಳಗೆ ಮಾಡಿಕೋ ಎಂದಿದ್ದರು. ಹಾಗಾಗಿ ದೇವರಾಜುವಿನ ದೇವರೆಲ್ಲ ಬಾನೆಟ್ಟಿನ ಒಳಮೈಗೆ ಅಂಟಿಕೊಂಡವು. ಅವನು ಹೇಳಿದ್ದು ಹೀಗೆ: ಹುಣಸೂರಿನಲ್ಲಿ ನಂಬರ್ ಪ್ಲೇಟು ಬರೆಯುವವನ ಕೈಯಲ್ಲಿ ಮೊದಲು ಒಳಗಡೆ ಹೆಂಡತಿಯ ಹೆಸರು ಬರೆಸಿದನಂತೆ. ಬರೆಸಿದ ಮೇಲೆ ಯಜಮಾನರು ಕಂಡುಬಿಟ್ಟರೆ ಎಂದು ಹೆದರಿಕೆಯಾಗಿ, ಅದರ ಮೇಲೆ ಮಾದಪ್ಪನನ್ನು ಅಂಟಿಸಿಬಿಟ್ಟನಂತೆ. ವರ್ಷ ವರ್ಷವೂ ಮಾದಪ್ಪನ ಮೇಲೆ ಇನ್ನೊಬ್ಬ ದೇವರು ಕೂರುತ್ತಾ ಹೋದ. ದೇವರನ್ನು ಕಿತ್ತು ನೋಡುವವರು ಯಾರು?

ವಾಣಿಶ್ರೀ ಅಣ್ಣನ ಎದುರಿಗೇ ಅಂದಳು: "ಅತ್ಗೆ, ಚಿಕ್ಕಸಿದ್ದಮ್ಮ ಅಂತ ಇಷ್ಟುದ್ದ ಎಸ್ರು ಆ ಮಾದಪ್ಪನ ಕೆಳ್ಗೆ ಇಡಿಸ್ತದಾ? ಹುಲಿ ಬಾಲದಾಚೆ ಇಣುಕ್ಬೇಕಾಗಿತ್ತಲ್ಲ." ಅವನು ಸಣ್ಣ ಅಕ್ಷರ ಕಣೇ ಎಂದ. ಅತ್ತಿಗೆ ನಾದಿನಿ ಇಬ್ಬರೂ ನಕ್ಕರು. ಆಮೇಲೆ ಅದು ಮನೆಯ ಮಾತೇ ಆಗಿಹೋಯಿತು. ಯಾರಾದರೂ ನಂಬಲಾಗದ್ದನ್ನು ಹೇಳಿದರೆ ವಾಣಿಶ್ರೀ, ಅದೂ ಬಾನೆಟ್ಟಿನ ಕೆಳಗೇ ಇರಬೇಕು ಬುಡು, ಅನ್ನುತ್ತಿದ್ದಳು.

ನಕ್ಕಳು ನಿಜ, ಆದರೆ ಚಿಕ್ಕಸಿದ್ದಮ್ಮ ಒಳಗೊಳಗೇ ಅದನ್ನು ಬಿಟ್ಟುಕೊಡಲಿಲ್ಲ. ಆನೆಯದು ಸುಳ್ಳು, ಲಾಮಾನದು ಸುಳ್ಳು. ಇದೊಂದು ನಿಜವಿದ್ದರೂ ಇರಬಹುದಲ್ಲ. ಒಂದು ದಿನ ಅವನು ಗಿರಣಿಯ ಅಂಗಳದಲ್ಲಿ ಕಾರು ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತು ಏಳಲಿಲ್ಲ. ಸುದ್ದಿ ಬಂದಾಗಲೂ, ಮಣ್ಣು ಮಾಡಿ ಬಂದ ಮೇಲೂ, ವರ್ಷಗಳು ಕಳೆದ ಮೇಲೂ ಅವಳಿಗೆ ಆ ಒಂದು ಮಾತು ಮಾತ್ರ ಬಗೆಹರಿಯದೆ ಉಳಿಯಿತು. ಕೇಳೋಣವೆಂದರೆ ಹೇಳುವವನಿಲ್ಲ. ನೋಡೋಣವೆಂದರೆ ಕಾರು ಎಲ್ಲೋ. ಯಜಮಾನರು ಕಾಲವಾಗಿ ಅವರ ಮಕ್ಕಳು ಅದನ್ನು ಕೆ.ಆರ್. ನಗರದ ಕಡೆಯವರಿಗೆ ಮಾರಿದರೆಂದು ಕೇಳಿದ್ದಳು. ಅಂಟು ಬಿಡಿಸುವ ಕೆಲಸಕ್ಕೆ ನಿಂತ ಮೇಲೆ, ಯಾವ ಕಾರಿನ ಬಾನೆಟ್ಟು ಎತ್ತಿದರೂ ಅವಳ ಕಣ್ಣು ಮೊದಲು ಒಳಮೈಯನ್ನೇ ಹುಡುಕುತ್ತಿತ್ತು. ಅದು ಬೇರೆ ಗಾಡಿ ಎಂದು ಗೊತ್ತಿದ್ದರೂ ಹುಡುಕುತ್ತಿತ್ತು.

ಆ ಕಾರು ಬಂದದ್ದು ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದ್ದ ಒಂದು ಬೆಳಗ್ಗೆ. ಎಚ್.ಡಿ. ಕೋಟೆಯ ಹಿನ್ನೀರಿನ ಹತ್ತಿರ ಹೋಂಸ್ಟೇ ನಡೆಸುವ ಮಹೇಶ್‌ಕುಮಾರ್ ಎಂಬುವರು ಅದನ್ನು ಕೊಂಡಿದ್ದರು. ಹೋಂಸ್ಟೇಗೆ ಬಂದವರು ಹಳೇ ಕಾರು ಎಂದು ಬಾನೆಟ್ಟು ಎತ್ತಿಸಿ ಫೋಟೋ ತೆಗೆದುಕೊಳ್ಳುತ್ತಾರಂತೆ, ಅದಕ್ಕೇ ಒಳಗೂ ಚೊಕ್ಕಟವಾಗಬೇಕು, ನಾಳೆ ಸಂಜೆಗೆ ಬೇಕೇ ಬೇಕು ಎಂದು ಹೇಳಿ ಅವರು ಬಸ್ಸು ಹಿಡಿದು ಹೋದರು. ಚಿಕ್ಕಸಿದ್ದಮ್ಮ ಗಾವಡಗೆರೆಯ ಬಸ್ಸಿಳಿದು ಬರುತ್ತಿದ್ದಳು. ಹೊಂಗೆಯ ಕೆಳಗೆ ನಿಂತಿದ್ದ ಕೆನೆ ಬಣ್ಣದ ಹಿಂಭಾಗ ಕಂಡಿತು. ನಂಬರನ್ನು ಅವಳು ಓದಲಿಲ್ಲ, ಬಂಧುಗಳ ಮುಖ ಗುರುತು ಹಿಡಿಯುವ ಹಾಗೆ ಗುರುತು ಹಿಡಿದಳು. ಚೀಲ ಕೈಯಲ್ಲೇ ಇತ್ತು. ಬಳಸಿಕೊಂಡು ಮುಂದಕ್ಕೆ ಹೋದಳು.

ಕನಕರಾಜು ಬಾನೆಟ್ಟು ಎತ್ತಿ ಕೋಲು ಕೊಟ್ಟು ನಿಲ್ಲಿಸಿದ್ದ. ಒಳಮೈಯ ನಡುವೆ ದೇವರುಗಳು ಒಬ್ಬರ ಮೇಲೊಬ್ಬರು ಕೂತು ರೊಟ್ಟಿಯಷ್ಟು ದಪ್ಪವಾಗಿದ್ದರು. ಎಂಜಿನ್ನಿನ ಕಾವಿಗೆ ಅಂಚುಗಳು ಕಪ್ಪಾಗಿ, ಧೂಳು ಮೆತ್ತಿ, ಒಂದೇ ಹಲಗೆಯ ಹಾಗೆ ಕಾಣುತ್ತಿತ್ತು. ಅವನು ಅಂದ, ಮೇಲಿನ ಒಂದೆರಡನ್ನು ನೀವು ಕೈಮುಗಿದು ಎತ್ತಿಕೊಂಡುಬಿಡಿ, ಉಳಿದದ್ದು ಎಣ್ಣೆಗೆ ಬಗ್ಗುವಂಥದ್ದಲ್ಲ, ತಿನ್ನರ್ ಸುರಿದರೆ ಅರ್ಧ ಗಂಟೆಯಲ್ಲಿ ಕರಗಿ ಬರುತ್ತೆ.

"ತಿನ್ನರ್ ಬ್ಯಾಡ ಕಣಪ್ಪ," ಅಂದಳು ಅವಳು. "ಕೆಳ್ಗೆ ಬರವಣ್ಗೆ ಅದೆ."

ತಿನ್ನರಿಗೆ ಹಳೆಯ ಬಣ್ಣ ಕರಗುತ್ತದೆ, ಎಣ್ಣೆಗೆ ಕರಗುವುದಿಲ್ಲ. ಇದು ಆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅವಳು ಕನಕರಾಜುವಿಗೆ ಎಲ್ಲವನ್ನೂ ಹೇಳಿದಳು. ಹೇಳುವಾಗ ಮುಖ ಎತ್ತಲಿಲ್ಲ. ಮದುವೆಯಾದ ಮಗಳಿರುವ ಮುದುಕಿ ಇದನ್ನೆಲ್ಲ ಹೇಳಿಕೊಳ್ಳಬೇಕಾಯಿತಲ್ಲ ಎಂದು ನಾಚಿಕೆಯಾಗುತ್ತಿತ್ತು.

"ದೇವರಾಜಣ್ಣ ಏಳಿದ್ದಾ?" ಎಂದ ಕನಕರಾಜು. ಅವನಿಗೂ ದೇವರಾಜುವಿನ ಬಾಯಿ ಗೊತ್ತಿತ್ತು. ಆದರೂ ಗೋಡೆಯ ಮೇಲಿದ್ದ ತಿನ್ನರ್ ಡಬ್ಬವನ್ನು ತೆಗೆದು ಒಳಗಿಟ್ಟ. "ನಾಳೆ ಮಧ್ಯಾನದ್ ಗಂಟ ತಕಳಿ ಸಿದ್ದಕ್ಕ. ಅದಾದ್ಮೇಕೆ ನನ್ ಕೈಲಿಲ್ಲ."

ಅವಳು ವಾಣಿಶ್ರೀಗೆ ಫೋನು ಮಾಡಿಸಿ, ಆ ಕಾರು ಬಂದದೆ ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ಕೈಕಾಲು ತೊಳೆದು, ಎಣ್ಣೆ ಬೆಚ್ಚಗೆ ಮಾಡಿಕೊಂಡು ಕೂತಳು. ಅಂಚಿಗೆ ಎಣ್ಣೆ ಬಿಡುವುದು, ಬಟ್ಟೆ ಮುಚ್ಚುವುದು, ಬಿಸಿಲಿಗೆ ಕಾಯಿಸುವುದು, ಹೆಬ್ಬೆರಳಿಟ್ಟು ನೋಡುವುದು. ಆತುರ ಮಾಡಿದರೆ ಹರಿಯುತ್ತದೆ. ಮೇಲಿದ್ದವು ಅವಳು ಕಾಣದ ದೇವರುಗಳು, ಅವನಾದ ಮೇಲೆ ಬಂದ ಡ್ರೈವರುಗಳು ಹಚ್ಚಿದ್ದು. ಅವನ್ನು ಎತ್ತಿ ಬಾಳೆಲೆಯ ಮೇಲೆ ಇಡುವಾಗ ಅವಳಿಗೆ ಏನೂ ಅನ್ನಿಸಲಿಲ್ಲ.

ಸಂಜೆಯ ಹೊತ್ತಿಗೆ ಕೆಳಗಿನಿಂದ ನಂಜುಂಡೇಶ್ವರ ಕಾಣಿಸಿಕೊಂಡ. ಅವಳ ಕೈ ನಿಂತಿತು. ದೇವರಾಜು ತೀರಿಕೊಳ್ಳುವುದಕ್ಕೆ ಮುಂಚಿನ ಆಯುಧಪೂಜೆಗೆ ತಂದದ್ದು ಅದು. ಸ್ಟಿಕ್ಕರನ್ನು ಅಂಟಿಸುವ ಮೊದಲು ಅವನು ಮನೆಗೆ ತರುತ್ತಿದ್ದ. ಅವಳು ಹೊಸಿಲ ಮೇಲಿಟ್ಟು ಕುಂಕುಮ ಹಚ್ಚಿ ಕೊಡಬೇಕಿತ್ತು, ಆಮೇಲೆಯೇ ಕಾರಿಗೆ. ನಂಜುಂಡೇಶ್ವರನ ಪಾದದ ಹತ್ತಿರ ಆ ಕುಂಕುಮದ ಕೆಂಪು ಈಗಲೂ ಇತ್ತು, ಉಂಗುರದ ಬೆರಳಿನ ತುದಿಯಷ್ಟು ಅಗಲ. ಗಾಳಿ ಬೆಳಕು ಸೋಕದೆ ಹಾಗೇ ಉಳಿದುಕೊಂಡಿತ್ತು. ಅವಳು ತನ್ನ ಬೆರಳನ್ನು ಅದರ ಮೇಲಿಟ್ಟು ನೋಡಿದಳು. ಬೆರಳು ಆಗಿನದಕ್ಕಿಂತ ಸಣಕಲಾಗಿತ್ತು.

ಆವತ್ತು ರಾತ್ರಿ ಮನೆಯಲ್ಲಿ ವಾಣಿಶ್ರೀ ಏನೇನೋ ಕೇಳಿದಳು, ಇವಳು ಇನ್ನೂ ಇಲ್ಲ, ನಾಳೆ ಅಂದು ಮಲಗಿದಳು.

ಮರುದಿನ ಒಂದೊಂದೇ ದೇವರು ಏಳುತ್ತಾ ಹೋಯಿತು. ಒಂದೊಂದು ದೇವರ ಹಿಂದೆ ಒಂದೊಂದು ವರ್ಷ. ಮಸಣಿಕಮ್ಮನನ್ನು ತಂದ ವರ್ಷ ಮಗಳ ಮದುವೆ. ಬಣ್ಣ ಮಾಸಿದ ಚಾಮುಂಡಿಯದು ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಮನೆಗೆ ಬೆಂಕಿ ಬಿದ್ದ ವರ್ಷ. ಆವತ್ತು ಅವನು ಯಜಮಾನರಿಗೆ ಹೇಳದೆ ಕಾರು ತಿರುಗಿಸಿಕೊಂಡು ಹೊಲದ ತನಕ ಬಂದು, ಹೆಂಡತಿ ನೆಟ್ಟಗೆ ನಿಂತಿರುವುದನ್ನು ಕಂಡು, ಮಾತಾಡದೆ ಹಾಗೇ ಹಿಂದಕ್ಕೆ ಹೋಗಿದ್ದ. ಧರ್ಮಸ್ಥಳದ ಮಂಜುನಾಥನನ್ನು ತಂದಾಗ ಇಬ್ಬರಿಗೂ ಜಗಳ, ಯಾತಕ್ಕೋ ಈಗ ನೆನಪಿಲ್ಲ, ಅವಳು ಕುಂಕುಮವನ್ನು ಮುಖ ತಿರುಗಿಸಿಕೊಂಡು ಹಚ್ಚಿದ್ದಳು. ಅದರ ಬೊಟ್ಟು ಒಂದು ಮೂಲೆಯಲ್ಲಿ ಅಡ್ಡಾದಿಡ್ಡಿ ಬಿದ್ದಿತ್ತು. ಅದನ್ನು ಕಂಡು ಅವಳಿಗೆ ನಗು ಬಂತು. ಎಲೆಯ ಮೇಲೆ ಬದುಕು ಹಿಂದುಮುಂದಾಗಿ ಪೇರಿಸಿಕೊಳ್ಳುತ್ತಿತ್ತು. ಕೊನೆಕೊನೆಗೆ ಬರುಬರುತ್ತಾ ಇಬ್ಬರಿಗೂ ವಯಸ್ಸು ಇಳಿಯುತ್ತಾ, ಮಗಳು ಕೂಸಾಗಿ, ಕೂಸೂ ಇಲ್ಲವಾಗಿ, ಮನೆಯಲ್ಲಿ ಅವರಿಬ್ಬರೇ ಉಳಿದ ಕಾಲಕ್ಕೆ ಬಂದು ಮುಟ್ಟಿದಾಗ ಬಾನೆಟ್ಟಿನಲ್ಲಿ ಉಳಿದಿದ್ದವನು ಹುಲಿಯೇರಿದ ಮಾದಪ್ಪ ಒಬ್ಬನೇ.

ಕನಕರಾಜು ಬಣ್ಣ ಕಲಸಿಸಿಕೊಂಡು ಬರಲು ಪೇಟೆಗೆ ಹೋಗಿದ್ದ. ಉಳಿದವರು ಊಟಕ್ಕೆ ಕೂತಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ಅವಳು ಮಾದಪ್ಪನ ಅಂಚಿಗೆ ಎಣ್ಣೆ ಬಿಟ್ಟು ಕಾದಳು. ಕಾಯುವಾಗ ಅವಳಿಗೆ ಅನ್ನಿಸಿತು, ಈಗಲೇ ಬೇಡ ಎಂದುಬಿಟ್ಟರೆ ಹೇಗೆ? ಕನಕರಾಜು ಬಂದು ತಿನ್ನರ್ ಸುರಿಯಲಿ, ಇದ್ದರೂ ಹೋಗಲಿ, ಇಲ್ಲದಿದ್ದರೂ ಹೋಗಲಿ, ತಾನು ನೋಡುವುದೇ ಬೇಡ. ಇಷ್ಟು ವರ್ಷ ಇರಬಹುದು ಎಂಬುದರಲ್ಲೇ ಕಾಲ ಹಾಕಿದ್ದಾಯಿತು, ಇನ್ನೆಷ್ಟು ದಿನ ಉಳಿದಿದೆ? ಹಾಗಂದುಕೊಳ್ಳುತ್ತಲೇ ಹೆಬ್ಬೆರಳು ತಾನಾಗಿ ಅಂಚಿನ ಕೆಳಗೆ ಹೋಗಿತ್ತು. ಹುಲಿಯ ಪಂಜ ಎದ್ದಿತು, ಬಾಲ ಎದ್ದಿತು, ಮಾದಪ್ಪ ಇಡಿಯಾಗಿ ಅವಳ ಅಂಗೈಗೆ ಬಂದ.

ಕೆಳಗೆ ಹಳದಿ ಅಂಟು ಗಟ್ಟಿಯಾಗಿ ಕೂತಿತ್ತು. ಅದರೊಳಗಿನಿಂದ ಏನೂ ಕಾಣುತ್ತಿರಲಿಲ್ಲ. ಎಣ್ಣೆ ಬಟ್ಟೆಯಿಂದ ಸುತ್ತಿ ಸುತ್ತಿ ಉಜ್ಜಿದಳು. ಅಂಟು ಸಣ್ಣ ಸಣ್ಣ ಉಂಡೆಯಾಗಿ ಉರುಳಿ ಉದುರಿತು. ಮೊದಲು ಎಡಗಡೆ, ಹೆಸರು ಶುರುವಾಗಬೇಕಾದ ಕಡೆ. ಕೆನೆ ಬಣ್ಣ ಹೊಳೆಯಿತು. ನಡುವೆ ಉಜ್ಜಿದಳು. ಕೆನೆ ಬಣ್ಣ. ಬಲಗಡೆ. ಕೆಳಗೆ. ಸಣ್ಣ ಅಕ್ಷರವೆಂದಿದ್ದನಲ್ಲ ಎಂದು ಸೆರಗಿನ ತುದಿಯಿಂದ ಮೂಲೆ ಮೂಲೆ ಒರೆಸಿದಳು. ಕಣ್ಣು ಮೋಸ ಮಾಡುತ್ತಿದೆಯೇನೋ ಎಂದು ಬೆರಳು ಆಡಿಸಿ ನೋಡಿದಳು. ಕುಂಚ ಮುಟ್ಟಿದ ಒಂದು ಗೆರೆ, ಒಂದು ಚುಕ್ಕೆ, ಯಾವುದೂ ಸಿಕ್ಕಲಿಲ್ಲ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಆ ಬಣ್ಣ ಬಿಸಿಲಿಗೆ ಮುಖ ಕೊಟ್ಟಿತ್ತು.

ಅವಳು ಬಾನೆಟ್ಟಿನ ಕೋಲು ಹಿಡಿದುಕೊಂಡು ನಿಂತಳು. ಮೊದಲು ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ, ಆದರೂ ಬಂತು. ಎದುರಿಗೆ ಇದ್ದಿದ್ದರೆ ಎಣ್ಣೆ ಬಟ್ಟೆಯಲ್ಲೇ ಒಂದು ಬಾರಿಸುತ್ತಿದ್ದಳು. ಇದ್ದಿದ್ದರೆ ಎಂದುಕೊಂಡದ್ದೇ ತಡ, ಅವನು ಏನು ಹೇಳುತ್ತಿದ್ದನೆಂಬುದೂ ಕಿವಿಗೆ ಕೇಳಿಸಿತು. ಕಣ್ಣು ಮಿಟುಕಿಸದೆ, ಮುದ್ದೆ ನುಂಗುವಷ್ಟೇ ಸಲೀಸಾಗಿ: ಅಲ್ಲೇ ಇತ್ತಲ್ಲ ಕಣಮ್ಮಿ, ನೀನೇ ಒರೆಸ್ಬುಟ್ಟೆ.

ಅವಳಿಗೆ ನಗು ಉಕ್ಕಿತು. ಸೆರಗು ಬಾಯಿಗೊತ್ತಿಕೊಂಡಳು, ಸೆರಗಿನ ಎಣ್ಣೆ ತುಟಿಗೆ ಹತ್ತಿತು. ನಗುತ್ತಾ ನಗುತ್ತಾ ಅದು ಬೇರೆ ಏನೋ ಆಗಿ, ಕಾರಿನ ಮಡ್‌ಗಾರ್ಡಿನ ಮೇಲೆ ಕೈಯೂರಿ ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಳು. ಊಟಕ್ಕೆ ಕೂತವರು ಈ ಕಡೆ ನೋಡಲಿಲ್ಲ. ಅಳು ಬಂದದ್ದು ಹೆಸರು ಇಲ್ಲದ್ದಕ್ಕಲ್ಲ. ಅವನು ಈಗ ಬಂದು ಇನ್ನೊಂದು ಸುಳ್ಳು ಹೇಳಬೇಕು ಅನ್ನಿಸಿತು, ಎಂಥದ್ದಾದರೂ ಸರಿ, ಅಷ್ಟೇ.

ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಮೂಗನ್ನು ಹತ್ತಿರ ಹಿಡಿದು ವಾಸನೆ ನೋಡಿ ಮುಗಿಸುವ ಹೊತ್ತಿಗೆ ಕನಕರಾಜು ಬಂದ. ಬಣ್ಣದ ಡಬ್ಬಿ ಕೆಳಗಿಟ್ಟು, ಚೊಕ್ಕಟವಾದ ತಗಡನ್ನೂ ಅವಳ ಮುಖವನ್ನೂ ನೋಡಿದ.

"ಇತ್ತಾ ಸಿದ್ದಕ್ಕ?"

"ಇತ್ತು ಕಣಪ್ಪ," ಅಂದಳು ಅವಳು ಬಟ್ಟೆ ಹಿಂಡುತ್ತಾ. "ಉಜ್ತಾ ಉಜ್ತಾ ಎಣ್ಣೆಗೆ ಕಲಸೋಯ್ತು."

ಎಣ್ಣೆಗ್ಯಾವ ಬಣ್ಣ ಕಲಸಿಹೋಗುತ್ತದೆ? ಕನಕರಾಜು ಹುಟ್ಟಿದಾಗಿನಿಂದ ಬಣ್ಣದಲ್ಲೇ ಕೈಯಾಡಿಸಿದವನು. ತಗಡಿಗೆ ಹತ್ತಿರ ಬಗ್ಗಿ ನೋಡುವವನ ಹಾಗೆ ನೋಡಿ ನೆಟ್ಟಗಾದ.

"ಅಳೇ ಬಣ್ಣ ಅಲ್ವಾ," ಅಂದ. "ಓಗಿರ್ತದೆ ಬುಡಿ."



ಸ್ಟಿಕ್ಕರಿದ್ದ ಜಾಗದ ಅಂಚಿನಲ್ಲಿ, ವರ್ಷ ವರ್ಷದ ಪೂಜೆಯ ನೀರು ಇಳಿದು ನಿಂತ ಕಡೆ, ಅಂಗೈಯಷ್ಟು ಅಗಲ ತುಕ್ಕು ಹಿಡಿದಿತ್ತು. ಕನಕರಾಜು ಅದನ್ನು ಉಜ್ಜುಕಾಗದದಲ್ಲಿ ಉಜ್ಜಿ, ಅಡಿಬಣ್ಣದ ಕೆಂಪು ಪ್ರೈಮರು ಬಳಿದು ಒಣಗಲು ಬಿಟ್ಟ. ಒಣಗಿದ ಮೇಲೆ ಕೆನೆ ಬಣ್ಣವನ್ನು ಸಣ್ಣ ಡಬ್ಬಿಗೆ ಬಗ್ಗಿಸಿ, ಅಳಿಲಿನ ಬಾಲದಂಥ ಮೆತ್ತನೆಯ ಕುಂಚದ ಜೊತೆ ಅವಳ ಮುಂದೆ ಹಿಡಿದ. ಇಷ್ಟನ್ನ ನೀವೇ ಹಚ್ಚಿ ಎಂದು ಹೇಳಿ, ಹೊರಗಡೆ ಬಾಗಿಲಿನ ಕೆಲಸವಿದೆ ಎಂದು ಆಚೆ ಹೋದ. ಬಣ್ಣದ ಕುಂಚವನ್ನು ಅವನು ಅವಳ ಕೈಗೆ ಕೊಟ್ಟದ್ದು ಅದೇ ಮೊದಲು.

ಚಿಕ್ಕಸಿದ್ದಮ್ಮನಿಗೆ ಓದು ಹೆಚ್ಚು ಇಲ್ಲ. ಆದರೂ ತನ್ನ ಹೆಸರು ಬರೆಯಬಲ್ಲಳು. ಹೆಂಗಸರ ಉಳಿತಾಯ ಸಂಘದಲ್ಲಿ ಸಹಿ ಹಾಕಿ ಹಾಕಿ ಕೈಗೆ ಬಂದಿದೆ. ಪ್ರೈಮರಿನ ಕೆಂಪು ಮಚ್ಚೆ ಹೊಸ ಸ್ಲೇಟಿನ ಹಾಗೆ ಕಣ್ಣೆದುರಿಗಿತ್ತು. ಅದರ ಮೇಲೆ ಬರೆದು, ಆರಿದ ಮೇಲೆ ಪೂರ್ತಿ ಬಣ್ಣ ಮುಚ್ಚಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಅವನಾಡಿದ ಮಾತು ಇವತ್ತಿಗಾದರೂ ನಿಜವಾಗುತ್ತದೆ. ಕುಂಚ ಅದ್ದಿ, ಹೆಚ್ಚಾದ ಬಣ್ಣವನ್ನು ಡಬ್ಬಿಯ ಅಂಚಿಗೆ ಒರೆಸಿ, ಮೊದಲ ಅಕ್ಷರ ಎಲ್ಲಿಂದ ಶುರು ಮಾಡಬೇಕೆಂದು ನೋಡಿದಳು.

ಕೈ ಮುಂದೆ ಹೋಗಲಿಲ್ಲ. ತನ್ನ ಹೆಸರನ್ನು ತಾನೇ ಬರೆದುಕೊಳ್ಳುವುದಾಗಿದ್ದರೆ ಇಷ್ಟು ವರ್ಷ ಯಾಕೆ ಕಾಯಬೇಕಿತ್ತು? ಬರೆಸಬೇಕಿದ್ದವನು ಅವನು. ಬರೆಸದೆ ಹೋದ. ಬರೆಸದಿದ್ದರೂ, ಹೆಂಡತಿಯ ಮುಖ ಸಣ್ಣದಾಗುವುದನ್ನು ನೋಡಲಾರದೆ ಮುದ್ದೆ ಮುರಿಯುವಷ್ಟರಲ್ಲಿ ಹೆಸರು, ಬರೆಯುವವನು, ಮೇಲೆ ಮಾದಪ್ಪ, ಎಲ್ಲವನ್ನೂ ಕಟ್ಟಿ ಕೊಟ್ಟ. ಅದು ಅವನು ಕೊಟ್ಟದ್ದು. ಅದರ ಮೇಲೆ ತಾನು ಕೈಯಾಡಿಸಬಾರದು.

ಅವಳು ನಡುವಿನಿಂದ ಶುರುಮಾಡಿ ಹೊರಕ್ಕೆ ತೆಳ್ಳಗೆ ಎಳೆದಳು, ಕನಕರಾಜು ಎಳೆಯುವುದನ್ನು ಅಷ್ಟು ದಿನ ನೋಡಿದ್ದ ಹಾಗೆ. ಒಂದು ಕೈ ಹಚ್ಚಿ, ಆರಲು ಬಿಟ್ಟು, ಮೇಲೆ ಇನ್ನೊಂದು ಕೈ. ಹೊಸ ಬಣ್ಣ ಹಳೆಯದನ್ನು ಸೇರುವ ಕಡೆ ಕುಂಚದ ತುದಿ ಮಾತ್ರ ಸೋಕಿಸಿದಳು. ಸಂಜೆ ಮಹೇಶ್‌ಕುಮಾರ್ ಬಂದು ಬಾನೆಟ್ಟು ಎತ್ತಿ ನೋಡಿ, ಎಲ್ಲಿ ಹಚ್ಚಿದ್ದು ಅಂತಲೇ ಗೊತ್ತಾಗಲ್ಲವಲ್ಲ ಎಂದು ಸಂತೋಷಪಟ್ಟರು. ಬಾನೆಟ್ಟು ಮುಚ್ಚಿದ ಸದ್ದು ಕೇಳಿದಾಗ ಅವಳು ಬಾಳೆಲೆಯ ದೇವರುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ತಲೆ ಎತ್ತುವಷ್ಟರಲ್ಲಿ ಕಾರು ರಸ್ತೆಗಿಳಿದು, ಧೂಳೆಬ್ಬಿಸಿಕೊಂಡು ಕೋಟೆಯ ಕಡೆ ತಿರುಗಿಯಾಗಿತ್ತು.

ಅರಳೀಕಟ್ಟೆಯಲ್ಲಿ ದೇವರುಗಳನ್ನು ಇಳಿಸಿ ಮನೆಗೆ ಬಂದಾಗ ವಾಣಿಶ್ರೀ ಅವರೆಕಾಯಿ ಬಿಡಿಸುತ್ತಾ ಬಾಗಿಲಲ್ಲೇ ಕೂತಿದ್ದಳು. ಅತ್ತಿಗೆ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡಲಿಲ್ಲ.

"ಏನಾಯ್ತು ಅತ್ಗೆ? ಇತ್ತಾ ಇಲ್ವಾ?"

"ಇತ್ತು."

ವಾಣಿಶ್ರೀಯ ಕೈಯಲ್ಲಿದ್ದ ಕಾಯಿ ಅರ್ಧ ಸುಲಿದು ನಿಂತಿತು. ಅತ್ತಿಗೆಯ ಮುಖವನ್ನೇ ನೋಡಿದಳು. ಅತ್ತಿಗೆ ಆ ಮುಖದಲ್ಲಿ ಏನನ್ನೂ ಇಟ್ಟಿರಲಿಲ್ಲ.

"ಪೂರ್ತಿ ಎಸ್ರಾ?"

"ಪೂರ್ತಿ. ಸಣ್ ಸಣ್ ಅಕ್ಸರ. ಚೆಂದಾಗ್ ಬರ್ಸಿದ್ರು."

ವಾಣಿಶ್ರೀ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಅನ್ಯಾಯವಾಗಿ ಅಣ್ಣನನ್ನು ಆಡಿಕೊಂಡೆನಲ್ಲ ಅತ್ಗೆ, ಬಾಯಿಬಿಟ್ಟರೆ ಸುಳ್ಳುಗಾರ ಸುಳ್ಳುಗಾರ ಅಂದೆನಲ್ಲ ಎಂದು ಮೆಲ್ಲಗೆ ಅಳಲು ಶುರುಮಾಡಿದಳು. ಚಿಕ್ಕಸಿದ್ದಮ್ಮ ಅವಳ ಪಕ್ಕ ಕೂತು, ಮೊರದಿಂದ ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ಬಿಡಿಸತೊಡಗಿದಳು. ಎಷ್ಟು ಸಲೀಸಾಗಿ ಬಂತು ಆ ಮಾತು, ಒಂದು ಕೂದಲೂ ಅಲುಗಲಿಲ್ಲ. ಅಣ್ಣನ ತಂಗಿಯೇ ನಂಬಿಬಿಟ್ಟಳು. ಇದನ್ನು ಹೇಳಿದರೆ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದವನು ಒಬ್ಬನೇ ಒಬ್ಬ. ಅವನಿಗೆ ಹೇಳಬೇಕೆಂಬ ಆಸೆಯಾಯಿತು. ಹೇಳೋಣವೆಂದರೆ ಕೇಳುವವನಿಲ್ಲ. ಕತ್ತಲಾಗುತ್ತಾ ಬಂದರೂ ದೀಪ ಹಾಕಲು ಇಬ್ಬರೂ ಏಳಲಿಲ್ಲ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು.